ಗಾಣಗಾಪುರದ ಗುರು, ಆಟದ ಪಾದ್ರಿ

ದೆವ್ವ ಹಿಡಿದಿದೆ ಎಂದು ಮನೆಯವರು ನಂಬಿದವರನ್ನು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಕರೆತರುವುದು ಹಳೆಯ ರೂಢಿ. ಆರತಿಯ ಹೊತ್ತಿಗೆ ಕೆಲವರು ಕಂಬ ಹತ್ತಿ ಕೂಗುತ್ತಾರೆ. (ಅವರಲ್ಲಿ ಮನೋರೋಗಿಗಳೂ ಉಂಟು; ವೈದ್ಯರ ನೆನಪು ತಡವಾಗಿ ಬರುತ್ತದೆ.)

ಪ್ರೇತ ಬಿಡಿಸುವ ಧರ್ಮಗುರು 1974ರಲ್ಲಿ ಅಮೆರಿಕದ ಆಟವೊಂದಕ್ಕೂ ಬಂದ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಆಟಗಾರರು ವೀರ, ಮಾಂತ್ರಿಕ, ಪಾದ್ರಿಯ ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಬೆಳೆಸುತ್ತಾರೆ. ಪಾದ್ರಿ ಗಾಯ ಮಾಯಿಸುತ್ತಾನೆ, ಪ್ರೇತಗಳನ್ನು ಓಡಿಸುತ್ತಾನೆ; ಬಲ ಹೆಚ್ಚಿದಂತೆ ನಾಶವನ್ನೇ ಮಾಡುತ್ತಾನೆ. ಮೊದಲಿನ ನಿಯಮದಂತೆ ಅವನು ಕತ್ತಿ ಹಿಡಿಯುವಂತಿಲ್ಲ, ಗದೆ ಹಿಡಿಯಬಹುದು. ಗದೆಯ ಏಟೇನು ಮೃದುವೇ!

ಗಾಣಗಾಪುರದ ಕಥೆ ಬೇರೆ. 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಯವರು ಅರಳಿಮರದ ಬ್ರಹ್ಮರಾಕ್ಷಸನನ್ನು ಕೊಲ್ಲಲಿಲ್ಲ, ಊರಾಚೆ ಅಟ್ಟಲೂ ಇಲ್ಲ; ಅವನಿಗೂ ಮುಕ್ತಿ ಕೊಟ್ಟರು ಎನ್ನುತ್ತದೆ ಮರಾಠಿಯ 'ಗುರುಚರಿತ್ರೆ'.