ಕುತ್ತಿಗೆ ನೋವು ಮತ್ತು ವೆಲಿಂಗ್ಟನ್‌ನ ಒಂದು ಮಂಚ

ಕಳೆದ ವಾರ ಹಾಸನದಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದರು. ಎರಡು ತಿಂಗಳಾಯಿತಂತೆ. "ಅಲ್ಲಾಡಿಸಿದ್ರೆ ಜಾಸ್ತಿ ಆಗುತ್ತೆ ಕಣೇ" ಅಂದರು. ಆ ಭಯ ಹೋಗಲೆಂದು ಅವರಿಗೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ. ನಾನಿರುವ ಈ ದೇಶದ್ದೇ ಕತೆ.

ನ್ಯೂಜಿಲೆಂಡ್‌ನಲ್ಲಿ ಫಿಸಿಯೋಥೆರಪಿ ಶಿಕ್ಷಣ ಶುರುವಾದದ್ದು 1913ರಲ್ಲಿ, ಡನೀಡಿನ್‌ನ ಮಸಾಜ್ ಶಾಲೆಯಲ್ಲಿ. ಹೆಸರೇ ಹೇಳುವಂತೆ ಆಗ ಹೆಚ್ಚಿನ ಕೆಲಸ ಚಿಕಿತ್ಸಕರ ಕೈಯದು. ನಮ್ಮೂರಲ್ಲಿ ಉಳುಕು ತೆಗೆಸಿಕೊಳ್ಳುವವರ ಹಾಗೆ ರೋಗಿ ಸುಮ್ಮನಿದ್ದರೆ ಸಾಕಿತ್ತು.

1956ರಲ್ಲಿ ವೆಲಿಂಗ್ಟನ್‌ನ ಯುವ ಫಿಸಿಯೋ ರಾಬಿನ್ ಮೆಕೆಂಜಿ, ಸೊಂಟದಿಂದ ಕಾಲಿಗಿಳಿಯುವ ನೋವಿದ್ದ ಒಬ್ಬರಿಗೆ ಒಳಗೆ ಹೋಗಿ ಬೋರಲು ಮಲಗಲು ಹೇಳಿದರು. ಹಿಂದಿನ ರೋಗಿಗಾಗಿ ಮಂಚದ ಒಂದು ತುದಿಯನ್ನು ಎತ್ತಿಟ್ಟಿತ್ತು. ಆತ ಹಾಗೇ ಮಲಗಿಬಿಟ್ಟರು, ಬೆನ್ನು ಪೂರ್ತಿ ಹಿಂದಕ್ಕೆ ಬಾಗಿತ್ತು. ಅಂಥ ಭಂಗಿ ಅಪಾಯವೆಂದು ನಂಬಿದ್ದ ಕಾಲ ಅದು. ಕೆಲ ನಿಮಿಷದ ನಂತರ ಬಂದು ನೋಡಿದ ಮೆಕೆಂಜಿಗೆ ಗಾಬರಿ. ಆದರೆ ಆತನ ಕಾಲುನೋವು ಇಳಿದಿತ್ತು!

ಮೆಕೆಂಜಿ ಅದನ್ನು ಅದೃಷ್ಟವೆಂದು ಬಿಡಲಿಲ್ಲ. ಯಾವ ಚಲನೆಗೆ ನೋವು ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಎಂದು ರೋಗಿಗಳಲ್ಲಿ ವರ್ಷಗಟ್ಟಲೆ ಗಮನಿಸಿದರು. ಕುತ್ತಿಗೆಗೂ ಅದೇ ಕ್ರಮ ತಂದರು. ತೋಳಿಗಿಳಿದ ನೋವು ವ್ಯಾಯಾಮದಿಂದ ಮೇಲೇರಿ ಕುತ್ತಿಗೆಯಲ್ಲೇ ನಿಂತರೆ ಅದು ಒಳ್ಳೆಯ ಸೂಚನೆ. 1983ರಲ್ಲಿ, ಕುತ್ತಿಗೆಯನ್ನು ನೀವೇ ನೋಡಿಕೊಳ್ಳಿ ಎನ್ನುವ ಪುಸ್ತಕವನ್ನು ಜನಸಾಮಾನ್ಯರಿಗಾಗಿಯೇ ಬರೆದರು. 2013ರಲ್ಲಿ ತೀರಿಕೊಂಡರು.

ಹೆಚ್ಚಿನ ಕುತ್ತಿಗೆ ನೋವಿನ ಹಿಂದೆ ದೊಡ್ಡ ಕಾಯಿಲೆ ಇರುವುದಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ಸ್ನಾಯುಗಳ ಬಿಗಿತ, ನಿದ್ರೆಗೇಡು, ಚಿಂತೆ ಎಲ್ಲ ಸೇರಿಕೊಂಡಿರುತ್ತವೆ. ಎಕ್ಸ್‌ರೇಯಲ್ಲಿ ಕಾಣುವ ಸವೆತ, ನೋವೇ ಇಲ್ಲದ ವಯಸ್ಸಾದವರಲ್ಲೂ ಇರುತ್ತದೆ. ಮೆಕೆಂಜಿ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ. ಅದಕ್ಕೇ ಫಿಸಿಯೋ ಮೊದಲು ಪರೀಕ್ಷಿಸಿ, ಆಮೇಲೆ ಗದ್ದವನ್ನು ಹಿಂದಕ್ಕೆ ಎಳೆಯುವಂಥ ವ್ಯಾಯಾಮ ಕಲಿಸುತ್ತಾರೆ. ದಿನಾ ಮಾಡಬೇಕಾದವರು ನಾವು.

ಆದರೆ ಬಿದ್ದ ಮೇಲೆ ಬಂದ ನೋವು, ಜ್ವರ, ಕೈಕಾಲಲ್ಲಿ ಶಕ್ತಿ ಕುಂದುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಅಮ್ಮ ಮೊನ್ನೆ ಫಿಸಿಯೋ ಹತ್ತಿರ ಹೋಗಿಬಂದರು. ನಿನ್ನೆ ಕಾಲ್‌ನಲ್ಲಿ ಪಟ್ಟಿ ಇರಲಿಲ್ಲ. ಹಿತ್ತಲಲ್ಲಿ ಯಾರೋ ಕರೆದರೆಂದು ತಿರುಗಿ ನೋಡಿದರು. ಮೆಲ್ಲಗೆ, ಆದರೆ ಕುತ್ತಿಗೆ ತಿರುಗಿಸಿಯೇ.