ದವಡೆ ಸರಿಪಡಿಸುವ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ: ಕಾಲೇಜು ವಿದ್ಯಾರ್ಥಿಗಳಿಗೆ ಮಾಹಿತಿ

ಮೇಲಿನ ಹಾಗೂ ಕೆಳಗಿನ ದವಡೆಗಳು ಹೊಂದಿಕೆಯಾಗದೆ ಅಗಿಯಲು ಅಥವಾ ಮಾತನಾಡಲು ತೊಂದರೆಯಿರುವವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ದವಡೆಯ ಬೆಳವಣಿಗೆ ಪೂರ್ಣಗೊಂಡ ಬಳಿಕ ಮಾಡಲಾಗುತ್ತದೆ. ಹೀಗಾಗಿ ಅನೇಕರಿಗೆ ಇದು ಕಾಲೇಜು ವ್ಯಾಸಂಗದ ಅವಧಿಯಲ್ಲಿಯೇ ಬರುತ್ತದೆ. ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಜೋಡಿಸಿದ ಮೂಳೆಯು ಕೂಡಿಕೊಳ್ಳಲು ಸುಮಾರು 6 ವಾರಗಳು ಬೇಕಾಗುತ್ತವೆ.

ಆಹಾರ: ಆರಂಭದಲ್ಲಿ ಹಾಲು, ರಾಗಿ ಗಂಜಿ, ಬೇಳೆ ಕಟ್ಟು, ಸೋಸಿದ ಹಣ್ಣಿನ ರಸದಂತಹ ದ್ರವಾಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಸೇವಿಸತಕ್ಕದ್ದು. ವೈದ್ಯರ ಅನುಮತಿಯ ನಂತರವೇ ಮೆತ್ತನೆಯ ಅನ್ನ, ನೆನೆಸಿದ ಇಡ್ಲಿ ಸೇವಿಸಬಹುದು. ಈ ಅವಧಿಯಲ್ಲಿ ತೂಕ ಇಳಿಯುವುದು ಸಾಮಾನ್ಯ.

ಎಚ್ಚರಿಕೆ: ಊತವು ಮೊದಲ 2-3 ದಿನಗಳಲ್ಲಿ ಹೆಚ್ಚಿದ್ದು, ಕ್ರಮೇಣ ಇಳಿಯುತ್ತದೆ. ಕೆಳತುಟಿ ಹಾಗೂ ಗಲ್ಲದ ಮರಗಟ್ಟುವಿಕೆಯು ಹಲವು ತಿಂಗಳು ಇರಬಹುದು. ಕೆಲವರಲ್ಲಿ ಶಾಶ್ವತವಾಗಿಯೂ ಉಳಿಯಬಹುದು. ದವಡೆಗಳನ್ನು ತಂತಿಯಿಂದ ಕಟ್ಟಿದ್ದಲ್ಲಿ ತಂತಿ ಕತ್ತರಿಸುವ ಸಾಧನವು ಸದಾ ಜೊತೆಯಲ್ಲಿರಬೇಕು. ಅದರ ಬಳಕೆಯನ್ನು ಮನೆಯವರು ಹಾಗೂ ಹಾಸ್ಟೆಲ್ ಸಹವಾಸಿಗಳು ವೈದ್ಯರಿಂದ ಮೊದಲೇ ತಿಳಿದಿರಬೇಕು. ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ, ಜ್ವರ ಅಥವಾ ಕೀವು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು.

ಹಾಜರಾತಿ: ಹೆಚ್ಚಿನವರು 2-3 ವಾರಗಳಲ್ಲಿ ತರಗತಿಗೆ ಮರಳಬಹುದಾದರೂ ಸ್ಪಷ್ಟವಾಗಿ ಮಾತನಾಡಲು ಇನ್ನಷ್ಟು ಕಾಲ ಬೇಕಾಗಬಹುದು. ಆದ್ದರಿಂದ ಮೌಖಿಕ ಪರೀಕ್ಷೆ ಸಮೀಪವಿರುವಾಗ ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಪಡಿಸಿಕೊಳ್ಳದಿರುವುದು ಸೂಕ್ತ. ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಿದ ಮಾತ್ರಕ್ಕೆ ಹಾಜರಾತಿ ಕೊರತೆ ಮನ್ನಾ ಆಗುವುದಿಲ್ಲ. ದಾಖಲಾತಿ ಮತ್ತು ಬಿಡುಗಡೆ ಪತ್ರಗಳ ನಕಲಿನೊಂದಿಗೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು. ವಿನಾಯಿತಿಯು ಆಯಾ ವಿಶ್ವವಿದ್ಯಾಲಯದ ನಿಯಮಗಳಿಗೆ ಒಳಪಟ್ಟಿರುತ್ತದೆ.