ಉಪ್ಪು ಸರೋವರಗಳಲ್ಲಿ ಗುರುತ್ವ ಪ್ರವಾಹದ ಹೂಳು

ನೀರಿನಡಿಯ ಗುರುತ್ವ ಪ್ರವಾಹವೆಂದರೆ ಸುತ್ತಲಿನ ನೀರಿಗಿಂತ ಭಾರವಾದ ಕೆಸರುನೀರು ಇಳಿಜಾರು ಹಿಡಿದು ತಳಕ್ಕೆ ನುಗ್ಗುವ ಕ್ರಿಯೆ. ವೇಗ ತಗ್ಗಿದಲ್ಲಿ ಅದು ಹೂಳನ್ನು ಬಿಡುತ್ತದೆ: ಮೊದಲು ದಪ್ಪ ಮರಳು, ಅದರ ಮೇಲೆ ನಯವಾದ ಮರಳು, ಕಡೆಗೆ ಜೇಡಿ. ಇಂಥ ಪದರಕ್ಕೆ ಟರ್ಬಿಡೈಟ್ ಎಂದು ಹೆಸರು. ಈ ಜೋಡಣೆಗೆ ಕದಡಿದ ನೀರಿನ ಪ್ರವಾಹವೇ ಕಾರಣವೆಂದು ಕ್ಯೂನೆನ್ ಮತ್ತು ಮಿಲ್ಯೊರೀನಿ 1950ರಲ್ಲಿ ವಾದಿಸಿದರು. 1962ರಲ್ಲಿ ಆರ್ನಾಲ್ಡ್ ಬೌಮಾ ಪದರದ ಐದು ಭಾಗಗಳನ್ನು ವಿವರಿಸಿದರು.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಸೀಮೆಯ ಸಿಹಿನೀರಿನ ಕೆರೆಗಳಂಥಲ್ಲಿ ಮಳೆಯ ಕೆಂಪು ನೀರು ತಳ ಹಿಡಿಯಲು ಲೀಟರಿಗೆ ಕೆಲವೇ ಗ್ರಾಂ ಮಣ್ಣು ಸಾಕು. ಸಮುದ್ರದಲ್ಲಾದರೆ ಸುಮಾರು 40 ಗ್ರಾಂ ಬೇಕು. ಉಪ್ಪು ಸರೋವರವೇ ಆದ ಮೃತ ಸಮುದ್ರದ ನೀರಿನ ಸಾಂದ್ರತೆ ಲೀಟರಿಗೆ ಸುಮಾರು 1.24 ಕಿಲೋಗ್ರಾಂ, ಅಲ್ಲಿ ನದಿಯ ಸಿಹಿನೀರು ಮುಳುಗಬೇಕಾದರೆ ಲೀಟರಿಗೆ 380 ಗ್ರಾಂಗೂ ಹೆಚ್ಚು ಮಣ್ಣು ಹೊತ್ತಿರಬೇಕು. ಅಷ್ಟು ಕೆಸರು ಹೊತ್ತ ಪ್ರವಾಹ ತೀರ ಅಪರೂಪ. ಆದ್ದರಿಂದ ಅಲ್ಲಿ ನೆರೆಯ ನೀರು ಸಾಮಾನ್ಯವಾಗಿ ಮೇಲೆಯೇ ಹರಡುತ್ತದೆ. ಅದರ ಜೇಡಿ ಕಣಗಳು ಉಪ್ಪಿನ ಸಂಪರ್ಕದಲ್ಲಿ ಒಂದಕ್ಕೊಂದು ಅಂಟಿ, ಗುಂಪಾಗಿ ಕೆಳಗಿಳಿದು ತೆಳು ಪದರವಾಗುತ್ತವೆ. ಮೃತ ಸಮುದ್ರದ ಪೂರ್ವಜ ಲಿಸಾನ್ ಸರೋವರ ಸುಮಾರು 70,000ರಿಂದ 14,000 ವರ್ಷಗಳ ಹಿಂದೆ ಇತ್ತು. ಅದರ ಹೂಳಿನಲ್ಲಿ ಬಿಳಿ ಅರಗೊನೈಟ್ ಮತ್ತು ಕಂದು ಮಣ್ಣಿನ ಎಳೆಗಳು ಒಂದರ ಮೇಲೊಂದು ಕೂತಿರುವುದು ಬರಿಗಣ್ಣಿಗೇ ಕಾಣುತ್ತದೆ.

ಹಾಗಾದರೆ ಆಳದ ದಪ್ಪ ಪದರಗಳು ಎಲ್ಲಿಂದ ಬಂದವು? ಬಹುಪಾಲು ಸರೋವರದ ಅಂಚುಗಳಿಂದಲೇ. ಅಲ್ಲಿ ಮೊದಲೇ ಕೂತ ಹೂಳಿನ ಸಂದುಗಳಲ್ಲಿ ತುಂಬಿರುವುದೂ ಉಪ್ಪುನೀರೇ. ಭೂಕಂಪದಿಂದ ಇಳಿಜಾರು ಕುಸಿದರೆ ಆ ಕೆಸರು ಸುತ್ತಲಿನ ಉಪ್ಪುನೀರಿಗಿಂತ ಭಾರವಾಗಿ ನೇರ ಆಳಕ್ಕೆ ಧುಮುಕುತ್ತದೆ. ಬರಗಾಲದಲ್ಲಿ ನೀರಿನ ಮಟ್ಟ ಇಳಿದಾಗ ಅಂಚುಗಳು ಇನ್ನಷ್ಟು ಅಸ್ಥಿರವಾಗುತ್ತವೆ. 2010–11ರಲ್ಲಿ ಮೃತ ಸಮುದ್ರದ ಸುಮಾರು 300 ಮೀಟರ್ ಆಳದ ನೀರಿನಡಿ ಕೊರೆದು ತೆಗೆದ ಸುಮಾರು 455 ಮೀಟರ್ ಉದ್ದದ ಮಾದರಿಯಲ್ಲಿ ಗಟ್ಟಿ ಉಪ್ಪು, ತೆಳು ಎಳೆಗಳು, ಕುಸಿತದ ಪದರಗಳು ಬೆರೆತು ಸಿಕ್ಕವು. ಇವನ್ನು ಭೂಕಂಪಗಳ ದಾಖಲೆಯಾಗಿ ಓದುವುದು ಬಹು ಅಮೂಲ್ಯವಾದ ಕೆಲಸ. ಆದರೆ ಪ್ರತಿ ಪದರವನ್ನೂ ಭೂಕಂಪದ ಲೆಕ್ಕಕ್ಕೆ ಹಾಕುವಂತಿಲ್ಲ. ಭೂಕಂಪವೇ ಕಾರಣವೆನ್ನಲು ಮಗ್ಗುಲಲ್ಲೇ ಕದಡಿ ಮಡಚಿದ ಎಳೆಗಳು ಇವೆಯೇ ಎಂದು ನೋಡಬೇಕು. ರಾಜಸ್ಥಾನದ ಸಾಂಭರ್‌ನಂಥ ಆಳವಿಲ್ಲದ ಉಪ್ಪು ಸರೋವರಗಳು ಇಂಥ ಪ್ರವಾಹಕ್ಕೆ ಅನುಕೂಲವಲ್ಲ.

ಜಡಿಗೇನಹಳ್ಳಿಯ ನೆಲದಡಿ ಇರುವುದು ನೈಸ್ ಮತ್ತು ಗ್ರಾನೈಟ್. ಅಲ್ಲಿ ಟರ್ಬಿಡೈಟ್ ಸಿಗದು. ಕರ್ನಾಟಕದಲ್ಲಿ ಅದನ್ನು ನೋಡಬೇಕಾದರೆ ಚಿತ್ರದುರ್ಗ ಶಿಲಾಪಟ್ಟಿಗೆ, ರಾಣೆಬೆನ್ನೂರು ಮತ್ತು ಹಿರಿಯೂರು ಕಡೆಯ ಗ್ರೇವ್ಯಾಕೆ ಎಂಬ ಮರಳುಗಲ್ಲುಗಳ ಬಳಿಗೆ ಹೋಗಬೇಕು. ಇವು ಉಪ್ಪು ಸರೋವರದವಲ್ಲ, 250 ಕೋಟಿ ವರ್ಷಗಳಿಗೂ ಹಿಂದಿನ ಕಡಲತಳದವು. ಆದರೂ ಹೂಳು ಕೂತ ಬಗೆ ಅದೇ. ಶಾಖ ಒತ್ತಡಗಳಿಗೆ ಸಿಕ್ಕಿ ಮಡಚಿಕೊಂಡರೂ ಹಲವೆಡೆ ಕಣಗಳ ಕ್ರಮ ಅಳಿಸಿಲ್ಲ. ನೆಟ್ಟಗೆ ನಿಂತ ಪದರದಲ್ಲಿ ದಪ್ಪ ಕಣಗಳಿರುವ ಬದಿಯೇ ಮೂಲ ತಳ. ಆ ಗುರುತು ಹಿಡಿದೇ ಭೂವಿಜ್ಞಾನಿಗಳು ಯಾವ ಪದರ ಮೊದಲಿನದು, ಯಾವುದು ಆಮೇಲಿನದು ಎಂದು ನಿರ್ಧರಿಸುತ್ತಾರೆ.